ಫಲಕದ ಮೈಲೇಜು, ರಸ್ತೆಯ ಮೈಲೇಜು: ಮೂರು ಪಿಕಪ್ ಟ್ರಕ್ಕುಗಳ ಹೋಲಿಕೆ

ಹೊಸ ಗಾಡಿ ಕೊಂಡೆನೆಂದು ಫೋನಿನಲ್ಲಿ ಹೇಳಿದಾಗ ಸಕಲೇಶಪುರದಿಂದ ಅಪ್ಪ ಕೇಳಿದ ಮೊದಲ ಮಾತು, "ಎಷ್ಟು ಕೊಡುತ್ತದೆ?" ಲೀಟರಿಗೆ ಏಳೋ ಎಂಟೋ ಇರಬಹುದು ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಬಳಿಕ, "ಲಾರಿ ಕೊಂಡೆಯೇನು?" ಎಂದರು. ಹೆಚ್ಚುಕಡಿಮೆ ಹೌದು ಎನ್ನಬೇಕು. ಐದೂ ಮುಕ್ಕಾಲು ಮೀಟರಿಗೂ ಮೀರಿದ ಉದ್ದ, ಎರಡೂವರೆ ಟನ್ನಿನ ಆಸುಪಾಸು ತೂಕ, ಹಿಂದೆ ತೆರೆದ ತೊಟ್ಟಿ. ಇಲ್ಲಿ ಅದರಲ್ಲೇ ಮಕ್ಕಳನ್ನು ಶಾಲೆಗೆ ಬಿಡುತ್ತಾರೆ, ಅದರಲ್ಲೇ ಹೋಗಿ ಒಂದು ಕಟ್ಟು ಕೊತ್ತಂಬರಿ ತರುತ್ತಾರೆ.

ಅಪ್ಪನಿಗೆ ನನ್ನ "ಇರಬಹುದು" ಹಿಡಿಸಲಿಲ್ಲ. ಎಸ್ಟೇಟಿನ ಜೀಪಿಗೆ ಎಣ್ಣೆ ಹಾಕಿಸಿದಾಗಲೆಲ್ಲ ಕಿಲೋಮೀಟರು, ಲೀಟರು ಎರಡನ್ನೂ ಡೈರಿಯಲ್ಲಿ ಬರೆದಿಟ್ಟವರು ಅವರು. ಇತ್ತ ನಾನಿರುವ ಕೊಲರಾಡೊದ ಅರೋರಾದಲ್ಲಿ ನಾವು ಮೂರು ಮನೆಯವರು ಸೇರಿ ಒಂದು ಕ್ಯಾಂಪಿಂಗ್ ಟ್ರೇಲರ್ ಇಟ್ಟುಕೊಂಡಿದ್ದೇವೆ. ಅದನ್ನು ಎಳೆಯಲು ಮೂವರ ಬಳಿಯೂ ಪಿಕಪ್ ಇದೆ, ಮೂರೂ ಬೇರೆ ಬೇರೆ ಕಂಪನಿಯವು. ಪ್ರತಿ ಭೋಜನಕೂಟದಲ್ಲೂ ಯಾರ ಗಾಡಿ ಕಡಿಮೆ ಕುಡಿಯುತ್ತದೆ ಎಂಬ ಜಗಳ. ಕಳೆದ ಸೆಪ್ಟೆಂಬರಿನಲ್ಲಿ ಕೀಲಿಕೈಗಳನ್ನು ಅದಲುಬದಲು ಮಾಡಿಕೊಂಡೆವು. ಮೂರನ್ನೂ ನಾನೊಬ್ಬನೇ ಓಡಿಸಬೇಕು, ಅದೇ ರಸ್ತೆ, ಅದೇ ಪಂಪು, ಅದೇ ಕಾಲು ಎಂಬುದು ಒಪ್ಪಂದ.

ನನ್ನದು ರ‍್ಯಾಮ್ 1500. 5.7 ಲೀಟರಿನ ಹೆಮಿ ಎಂಜಿನ್, ಎಂಟು ಸಿಲಿಂಡರ್, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇಲ್ಲ. ಜೊತೆಗೆ ಇ-ಟಾರ್ಕ್ ಎಂಬ 48 ವೋಲ್ಟಿನ ಸಣ್ಣ ವಿದ್ಯುತ್ ಮೋಟರಿನ ನೆರವು. ಗೆಳೆಯನದು 2021ರ ಫೋರ್ಡ್ ಎಫ್-150 ಪವರ್‌ಬೂಸ್ಟ್: 3.5 ಲೀಟರಿನ ಟರ್ಬೊ ಎಂಜಿನ್ನಿನ ಜೊತೆ 35 ಕಿಲೋವ್ಯಾಟ್ ವಿದ್ಯುತ್ ಮೋಟರು, ಒಂದೂವರೆ ಯೂನಿಟ್ ಹಿಡಿಯುವ ಬ್ಯಾಟರಿ, ಎಂದರೆ ಪೆಟ್ರೋಲು ವಿದ್ಯುತ್ತು ಎರಡೂ ಕೂಡಿದ ಹೈಬ್ರಿಡ್. ಮೂರನೆಯದು ಗೆಳತಿಯ ಶೆವ್ರೊಲೆ ಸಿಲ್ವರಾಡೊ, 3 ಲೀಟರಿನ ಆರು ಸಿಲಿಂಡರ್ ಡ್ಯುರಾಮ್ಯಾಕ್ಸ್ ಡೀಸೆಲ್. ಮೂರಕ್ಕೂ ನಾಲ್ಕು ಚಕ್ರಗಳ ಚಾಲನೆ.

ಅಮೆರಿಕದಲ್ಲಿ ಮಾರಾಟಕ್ಕೆ ನಿಂತ ಬಹುಪಾಲು ಹೊಸ ಗಾಡಿಗಳ ಕಿಟಕಿಗೆ ಪರಿಸರ ಸಂರಕ್ಷಣಾ ಸಂಸ್ಥೆಯ ಅಂಕಿಗಳ ಫಲಕ ಅಂಟಿಸಿರುತ್ತಾರೆ. ಅಂಕಿ ಇರುವುದು ಗ್ಯಾಲನ್ನಿಗೆ ಇಷ್ಟು ಮೈಲಿ ಎಂಬ ಲೆಕ್ಕದಲ್ಲಿ. ಒಂದು ಅಮೆರಿಕನ್ ಗ್ಯಾಲನ್ 3.785 ಲೀಟರ್, ಫಲಕದ 20 ಎಂದರೆ ನಮ್ಮ ಲೀಟರಿಗೆ 8.5 ಕಿಲೋಮೀಟರು. ಫೋರ್ಡ್ ಹೈಬ್ರಿಡ್‌ನ ಫಲಕದಲ್ಲಿ ನಗರಕ್ಕೂ 24, ಹೆದ್ದಾರಿಗೂ 24. ನನ್ನ ರ‍್ಯಾಮ್‌ಗೆ ನಗರದಲ್ಲಿ 17, ಹೆದ್ದಾರಿಯಲ್ಲಿ 22. ಡೀಸೆಲ್ ಸಿಲ್ವರಾಡೊ 2020ರಲ್ಲಿ ಬಂದಾಗ ಎರಡು ಚಕ್ರ ಚಾಲನೆಯ ಮಾದರಿಗೆ ಹೆದ್ದಾರಿಯಲ್ಲಿ 33 ಸಿಕ್ಕಿ ಸುದ್ದಿಯಾಗಿತ್ತು. ನಾಲ್ಕು ಚಕ್ರದ್ದಕ್ಕೆ ಅಷ್ಟಿಲ್ಲ.

ಈ ಅಂಕಿಗಳು ಸುಳ್ಳು ಎಂದು ಬೈಯುವವರು ಬಹಳ. ನಾನು ಬೈಯುವುದಿಲ್ಲ. ಪರೀಕ್ಷೆ ನಡೆಯುವುದು ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ. ಹೆದ್ದಾರಿಯ ಮೂಲ ಪರೀಕ್ಷೆಯ ಸರಾಸರಿ ವೇಗ ಗಂಟೆಗೆ 48 ಮೈಲಿ, ಅತಿ ಹೆಚ್ಚೆಂದರೆ 60. 2008ರ ಮಾದರಿಗಳಿಂದ ವೇಗದ ಓಟ, ಏಸಿ, ಚಳಿ ಇವನ್ನೂ ಸೇರಿಸಿಕೊಂಡು ಅಂಕಿ ತಗ್ಗಿಸಿದ್ದಾರೆ, ನಿಜ. ಆದರೂ ನಮ್ಮ ಬಯಲಿನ ಹೆದ್ದಾರಿಯಲ್ಲಿ ವೇಗಮಿತಿಯೇ 75 ಮೈಲಿ, ಎಂದರೆ 120 ಕಿಲೋಮೀಟರು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಪಿಕಪ್ಪಿನ ಮೂತಿ ಬೀರುವಿನಷ್ಟು ನೆಟ್ಟಗೆ. ಫಲಕ ಒಂದು ಪ್ರಶ್ನೆಗೆ ಉತ್ತರ ಹೇಳುತ್ತದೆ, ನಾವು ಇನ್ನೊಂದು ಪ್ರಶ್ನೆ ಕೇಳಿ ಸಿಟ್ಟಾಗುತ್ತೇವೆ.

ಅಳೆದದ್ದು ಅಪ್ಪನ ಪದ್ಧತಿಯಲ್ಲೇ. ಟ್ಯಾಂಕು ತುಂಬಿಸಿ, ನಳಿಕೆ ಮೊದಲ ಸಲ ತಾನಾಗಿ ನಿಂತಲ್ಲಿಗೆ ನಿಲ್ಲಿಸಿ, ಓಡಿಸಿ ಬಂದು ಅದೇ ಪಂಪಿನಲ್ಲಿ ಮತ್ತೆ ತುಂಬಿಸುವುದು. ಟೈರಿನ ಗಾಳಿಯನ್ನು ಬೆಳಗಿನ ತಂಪಿನಲ್ಲೇ ನೋಡಿಕೊಂಡೆ. ಓಡೋಮೀಟರನ್ನು ಹೆದ್ದಾರಿಯ ಮೈಲಿಗಲ್ಲುಗಳಿಗೆ ಹೋಲಿಸಿಕೊಂಡೆ. ಡ್ಯಾಶ್‌ಬೋರ್ಡಿನ ಪರದೆ ತೋರಿಸುವ ಮೈಲೇಜನ್ನು ಮಾತ್ರ ನಂಬಲಿಲ್ಲ. ಮೂರೂ ಗಾಡಿಗಳು ತಮ್ಮನ್ನು ತಾವು ಸ್ವಲ್ಪ ಹೊಗಳಿಕೊಂಡವು; ಒಂದರ ಹೊಗಳಿಕೆ ಶೇ. 6ರಷ್ಟಿತ್ತು. ಅದು ಯಾವುದೆಂದು ಹೇಳಿ ಸ್ನೇಹ ಕೆಡಿಸಿಕೊಳ್ಳುವುದಿಲ್ಲ.

ಪೇಟೆಯೊಳಗಿನ ಓಡಾಟದಿಂದ ಆರಂಭಿಸುತ್ತೇನೆ. ಒಂದೊಂದು ಗಾಡಿಗೂ ಒಂದು ವಾರ: ಕಚೇರಿ, ಶಾಲೆ, ಅಂಗಡಿ, ಸಿಗ್ನಲ್ ಮೇಲೆ ಸಿಗ್ನಲ್. ರ‍್ಯಾಮ್ ಲೀಟರಿಗೆ 6.2, ಡೀಸೆಲ್ ಸಿಲ್ವರಾಡೊ 8.3, ಫೋರ್ಡ್ ಹೈಬ್ರಿಡ್ 9.3. ಇಲ್ಲಿ ವಾದಕ್ಕೆ ಎಡೆಯೇ ಇಲ್ಲ. ಬ್ರೇಕ್ ಒತ್ತಿದಾಗ ಬಿಸಿಯಾಗಿ ಹೋಗುವ ಶಕ್ತಿಯನ್ನು ಹಿಡಿದಿಟ್ಟು ಮುಂದಿನ ಸಿಗ್ನಲ್ಲಿನಲ್ಲಿ ಹಿಂದಿರುಗಿಸುವ ಗಾಡಿಗೆ ಪೇಟೆಯೇ ತವರು. ಡೀಸೆಲ್ಲಿಗೆ ಎರಡು ಮೂರು ಕಿಲೋಮೀಟರಿನ ಪಯಣಗಳು ಒಗ್ಗುವುದಿಲ್ಲ, ಎಂಜಿನ್ ಬಿಸಿಯಾಗುವಷ್ಟರಲ್ಲಿ ಮನೆ ಬಂದಿರುತ್ತದೆ. ಜೊತೆಗೆ ಆ ವಾರ ಒಮ್ಮೆ ಹೊಗೆಯ ಮಸಿ ಸೋಸುವ ಫಿಲ್ಟರನ್ನು ಅದು ತಾನೇ ಸುಟ್ಟು ಶುಚಿ ಮಾಡಿಕೊಂಡಿತು. ಅದು ಎಲ್ಲ ಹೊಸ ಡೀಸೆಲ್ ಗಾಡಿಗಳ ನಿತ್ಯಕರ್ಮ, ಅದಕ್ಕೂ ಎಣ್ಣೆ ಬೇಕು.

ಬಯಲಿನ ಹೆದ್ದಾರಿಗೆ ಆರಿಸಿಕೊಂಡದ್ದು ಅರೋರಾದಿಂದ ಪೂರ್ವಕ್ಕೆ ಐ-70ರಲ್ಲಿ ಲೈಮನ್ ಎಂಬ ಊರಿಗೆ ಹೋಗಿ ಬರುವ ಸುಮಾರು 260 ಕಿಲೋಮೀಟರು. ಎರಡೂ ಊರಿನ ಎತ್ತರ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಏರು ಇಳಿವಿನ ಲೆಕ್ಕ ಚುಕ್ತಾ. ಗಂಟೆಗೆ 120ರಲ್ಲಿ, ವೇಗವನ್ನು ತಾನೇ ಒಂದೇ ಸಮನೆ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಹಾಕಿ ಕುಳಿತರೆ ರ‍್ಯಾಮ್ 8.1, ಫೋರ್ಡ್ 8.9, ಸಿಲ್ವರಾಡೊ 10.8. ಪೇಟೆಯ ಹುಲಿ ಇಲ್ಲಿ ಬೆಕ್ಕಾಯಿತು. ಬ್ರೇಕೇ ಒತ್ತದ ರಸ್ತೆಯಲ್ಲಿ ಮೋಟರಿಗೆ ಮರಳಿ ಪಡೆಯಲು ಏನೂ ಸಿಗದು. ಅದನ್ನೂ ಬ್ಯಾಟರಿಯನ್ನೂ ಹೊತ್ತು ಓಡುವುದಷ್ಟೇ ಕೆಲಸ. ಅದೇ ದಾರಿಯನ್ನು 105ರಲ್ಲಿ ಮತ್ತೊಮ್ಮೆ ಓಡಿದೆ. ರ‍್ಯಾಮ್ 9.5ಕ್ಕೇರಿತು, ಫೋರ್ಡ್ 10ಕ್ಕೆ, ಸಿಲ್ವರಾಡೊ 12.3ಕ್ಕೆ. ಹದಿನೈದು ಕಿಲೋಮೀಟರು ವೇಗ ಇಳಿಸಿದ್ದಕ್ಕೆ ರ‍್ಯಾಮ್‌ಗೆ ಸಿಕ್ಕ ಲಾಭ, ರ‍್ಯಾಮ್ ಬಿಟ್ಟು ಫೋರ್ಡ್ ಹತ್ತಿದ್ದಕ್ಕೆ ಸಿಗುವ ಲಾಭಕ್ಕಿಂತ ದೊಡ್ಡದು ಎಂಬುದನ್ನು ಅಲ್ಲೇ ಗುರುತು ಹಾಕಿಕೊಂಡೆ.

ಇನ್ನು ಪಡುವಣದ ಬೆಟ್ಟ. ಟ್ರೇಲರಿನ ತೂಕ ಸಾಮಾನು ಸೇರಿ 2,360 ಕಿಲೋ. ಅರೋರಾದಿಂದ ಐಸೆನ್‌ಹೋವರ್ ಸುರಂಗ ದಾಟಿ ಫ್ರಿಸ್ಕೊ ಊರಿಗೆ ಹೋಗಿ ಬರುವುದು, ವೇಗ 105 ಮೀರದಂತೆ. ಅರೋರಾಕ್ಕೆ ಅಂಟಿಕೊಂಡ ಡೆನ್ವರ್ ನಗರ ಸಮುದ್ರಮಟ್ಟದಿಂದ 1,609 ಮೀಟರ್ ಎತ್ತರದಲ್ಲಿದ್ದರೆ ಸುರಂಗದ ಬಾಯಿ ಸುಮಾರು 3,400 ಮೀಟರಿನಲ್ಲಿ. ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದು ಹತ್ತಿದವನಿಗೆ ತಿರುವುಗಳ ಭಯ ಗೊತ್ತು. ಇಲ್ಲಿ ತಿರುವಿನ ಭಯ ಕಡಿಮೆ, ಉಸಿರಿನದೇ ಕೊರತೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಶೇ. 3ರಷ್ಟು ಬಲ ಕಳೆದುಕೊಳ್ಳುತ್ತದೆ. ಸುರಂಗ ಮುಟ್ಟುವಾಗ ನನ್ನ ಹೆಮಿಯ ಮೂರನೆಯ ಒಂದು ಭಾಗದಷ್ಟು ಬಲ ತೆಳುಗಾಳಿಯಲ್ಲಿ ಕರಗಿತ್ತು. ಎಂಟು ಸಿಲಿಂಡರೂ ಕೂಗಿಕೊಂಡೇ ಹತ್ತಿದವು. ಟರ್ಬೊ ಇರುವ ಉಳಿದೆರಡಕ್ಕೆ ಎತ್ತರ ಅಷ್ಟಾಗಿ ತಾಗಲಿಲ್ಲ. ಡೀಸೆಲ್ ಅಂತೂ ಮನೆಯ ಹಿರಿಯರಂತೆ, ದನಿ ಏರಿಸದೆ ಕೆಲಸ ಮುಗಿಸಿತು.

ಇಳಿಯುವಾಗ ಹೈಬ್ರಿಡ್ ಬ್ಯಾಟರಿ ತುಂಬಿಸಿಕೊಂಡು ಲೆಕ್ಕ ಸರಿದೂಗಿಸುತ್ತದೆ ಎಂಬುದು ಗೆಳೆಯನ ನಂಬಿಕೆಯಾಗಿತ್ತು. ಕೂತು ಲೆಕ್ಕ ಹಾಕಿದೆವು. ಗಾಡಿ, ಟ್ರೇಲರ್, ಜನ ಸೇರಿ 5,200 ಕಿಲೋ ತೂಕ ಸುರಂಗದಿಂದ ಡೆನ್ವರ್‌ಗೆ ಇಳಿಯುವಾಗ ಬಿಟ್ಟುಕೊಡುವ ಶಕ್ತಿ ಸುಮಾರು 25 ಯೂನಿಟ್ ವಿದ್ಯುತ್ತಿಗೆ ಸಮ. ಬ್ಯಾಟರಿ ಹಿಡಿಯುವುದು ಒಂದೂವರೆ. ತಂಬಿಗೆ ಹಿಡಿದು ಜೋಗದ ಕೆಳಗೆ ನಿಂತ ಹಾಗೆ. ಬಂದ ಅಂಕಿಗಳೂ ಅದನ್ನೇ ಹೇಳಿದವು: ರ‍್ಯಾಮ್ 3.7, ಫೋರ್ಡ್ 4, ಸಿಲ್ವರಾಡೊ 5.1.

ಮೂರು, ನಾಲ್ಕು, ಐದು. ಎಲ್ಲವೂ ದರಿದ್ರವೇ, ವ್ಯತ್ಯಾಸವೇನು ಮಹಾ ಎಂದು ಮೊದಲು ನನಗೂ ಅನ್ನಿಸಿತ್ತು. ಕಿಲೋಮೀಟರ್ ಲೆಕ್ಕ ಕಣ್ಣಿಗೆ ಮಣ್ಣೆರಚುವುದು ಇಲ್ಲೇ. ಅದನ್ನು ತಿರುಗಿಸಿ, ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಹೋಯಿತು ಎಂದು ಕೇಳಿ ನೋಡಿ. ಬಯಲಿನಲ್ಲಿ 120ರ ವೇಗದಲ್ಲಿ ರ‍್ಯಾಮ್ 12.3 ಲೀಟರ್, ಸಿಲ್ವರಾಡೊ 9.3, ಉಳಿತಾಯ ಮೂರು ಲೀಟರ್. ಟ್ರೇಲರ್ ಕಟ್ಟಿದಾಗ ರ‍್ಯಾಮ್ 27, ಸಿಲ್ವರಾಡೊ 19.6; ಉಳಿತಾಯ ಏಳೂವರೆಗೆ ಹತ್ತಿರ. ಕಣ್ಣಿಗೆ 2.7 ಕಿಲೋಮೀಟರಿನ ಅಂತರವಾಗಿ ಕಂಡಿದ್ದು ಮೂರು ಲೀಟರು, ಬರೀ 1.4 ಆಗಿ ಕಂಡಿದ್ದು ಏಳೂವರೆ. ಕೆಟ್ಟ ಮೈಲೇಜಿನ ಕಡೆಗೆ ಹೋದಷ್ಟೂ ಒಂದೊಂದು ದಶಾಂಶಕ್ಕೂ ಬೆಲೆ ಹೆಚ್ಚು. ಅಮೆರಿಕದ ಫಲಕದಲ್ಲೂ ನೂರು ಮೈಲಿಗೆ ಎಷ್ಟು ಗ್ಯಾಲನ್ ಎಂಬ ಅಂಕಿ ಸಣ್ಣ ಅಕ್ಷರದಲ್ಲಿದೆ. ಅದೇ ದೊಡ್ಡದಾಗಿ ಇರಬೇಕಿತ್ತು.

ಹಾಗಾದರೆ ಡೀಸೆಲ್ ಗೆದ್ದಿತೇ? ಊರಿನ ಅಭ್ಯಾಸದಲ್ಲಿ ನಾವು ಡೀಸೆಲ್ ಎಂದರೆ ಅಗ್ಗ ಎಂದುಕೊಳ್ಳುತ್ತೇವೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಅದು ತಿರುಗುಮುರುಗು. ಕೇಂದ್ರದ ತೆರಿಗೆಯೇ ಗ್ಯಾಲನ್ ಪೆಟ್ರೋಲಿಗೆ 18.4 ಸೆಂಟ್, ಡೀಸೆಲ್ಲಿಗೆ 24.4. ಆ ತಿಂಗಳು ನಾನು ಕೊಟ್ಟ ದುಡ್ಡಿನಲ್ಲಿ ಡೀಸೆಲ್ ಬೆಲೆ ಶೇ. 15ರಷ್ಟು ಹೆಚ್ಚಿತ್ತು. ಮೇಲೆ ಹೊಗೆ ಶುಚಿ ಮಾಡುವ ಯೂರಿಯಾ ದ್ರಾವಣವನ್ನು ಆಗಾಗ ಸುರಿಯಬೇಕು. ಒಂದು ಗ್ಯಾಲನ್ ಡೀಸೆಲ್ ಉರಿದರೆ ಸುಮಾರು 10.2 ಕಿಲೋ ಇಂಗಾಲದ ಡೈಆಕ್ಸೈಡ್, ಪೆಟ್ರೋಲಿನಿಂದ 8.9, ಲೀಟರು ಕಡಿಮೆ ಎಂದ ಮಾತ್ರಕ್ಕೆ ಹೊಗೆಯೂ ಅಷ್ಟೇ ಕಡಿಮೆ ಎನ್ನಲಾಗದು. ಹಾಗೆಂದು ರ‍್ಯಾಮ್ ಸಾಧುವಲ್ಲ. ಹೆಮಿಗೆ ಕಂಪನಿ ಸೂಚಿಸುವುದು 89 ಆಕ್ಟೇನ್ ದರ್ಜೆಯ ಪೆಟ್ರೋಲು. ಕೊಲರಾಡೊದ ಪಂಪುಗಳಲ್ಲಿ ಸಾಮಾನ್ಯವಾಗಿ ಸಿಗುವುದು 85, 87, 91. ಅರ್ಧ 87, ಅರ್ಧ 91 ಬೆರೆಸಿ ನಾನೇ ಕಷಾಯ ಕಾಯಿಸಿದಂತೆ ಹಾಕಿಕೊಳ್ಳುತ್ತೇನೆ.

ನನ್ನ ವರ್ಷದ ಓಟ 18,000 ಕಿಲೋಮೀಟರು: ಅರ್ಧ ಪೇಟೆ, 7,500 ಹೆದ್ದಾರಿ, 1,500 ಟ್ರೇಲರ್. ಈ ಹದಕ್ಕೆ ರ‍್ಯಾಮ್ 2,780 ಲೀಟರ್ ಕುಡಿಯುತ್ತದೆ, ಫೋರ್ಡ್ 2,190. ಸಿಲ್ವರಾಡೊ 2,070, ಆದರೆ ಬೆಲೆಯ ಆ ಶೇ. 15 ಸೇರಿಸಿದರೆ 2,380 ಲೀಟರ್ ಪೆಟ್ರೋಲಿನ ದುಡ್ಡು. ಕಡಿಮೆ ಕುಡಿದದ್ದು ಡೀಸೆಲ್, ಕಡಿಮೆ ಖರ್ಚು ತಂದದ್ದು ಹೈಬ್ರಿಡ್. ನನ್ನ ಗೆಳತಿಯ ಓಟ ಬೇರೆ: ವಾರಾಂತ್ಯ ಬಂದರೆ ಕುದುರೆ ಸಾಗಿಸುವ ಟ್ರೇಲರ್ ಕಟ್ಟಿ ನೂರಾರು ಕಿಲೋಮೀಟರು ಹೋಗುತ್ತಾಳೆ. ಅವಳಿಗೆ ಡೀಸೆಲ್ ಬಿಟ್ಟು ಬೇರೆ ಮಾತೇ ಇಲ್ಲ. ಹೈಬ್ರಿಡ್‌ನ ಗೆಳೆಯ ಟ್ರೇಲರ್ ಮುಟ್ಟುವುದು ವರ್ಷಕ್ಕೆ ಎರಡು ಸಲ, ಉಳಿದ ದಿನವೆಲ್ಲ ಪೇಟೆ. ಅವನ ಆಯ್ಕೆಯೂ ಸರಿ. ತಪ್ಪು ಗಾಡಿ ಕೊಂಡವನು ನಾನೊಬ್ಬನೇ ಎಂದು ಆ ಸಂಜೆ ಇಬ್ಬರೂ ಸೇರಿ ತೀರ್ಮಾನಿಸಿದರು.

ಆದರೂ ಬದಲಿಸಲಿಲ್ಲ. ವರ್ಷಕ್ಕೆ 590 ಲೀಟರ್ ಉಳಿಸಲು ಹಳೆಯದನ್ನು ನಷ್ಟಕ್ಕೆ ಮಾರಿ, ಸಾವಿರಾರು ಡಾಲರ್ ಮೇಲೆ ಹಾಕಿ ಹೈಬ್ರಿಡ್ ತಂದರೆ ಆ ದುಡ್ಡು ಮರಳುವಷ್ಟರಲ್ಲಿ ಮಗಳು ಕಾಲೇಜಿಗೆ ಹೋಗಿರುತ್ತಾಳೆ. ಬದಲಿಗೆ ಅಕ್ಟೋಬರಿನ ಒಂದು ಶನಿವಾರ ಅದೇ ಟ್ರೇಲರ್ ಕಟ್ಟಿಕೊಂಡು ಅದೇ ಫ್ರಿಸ್ಕೊಗೆ ಮತ್ತೆ ಹೋದೆ, ಈ ಸಲ 90 ಮೀರದೆ. ಒಂದು ಕಡೆಗೆ ಹನ್ನೆರಡು ನಿಮಿಷ ತಡವಾಯಿತು, ಹಿಂದಿನವರು ಎರಡು ಬಾರಿ ಹಾರ್ನ್ ಹೊಡೆದರು. ಪಂಪಿನಲ್ಲಿ ಲೆಕ್ಕ ಹಾಕಿದರೆ 4.2, ಅಂದರೆ 105ರಲ್ಲಿ ಓಡಿದ ಫೋರ್ಡ್‌ಗಿಂತ ಒಂದು ಕೂದಲು ಮೇಲೆ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಅಷ್ಟಕ್ಕೆ ಎಷ್ಟು ಎಣ್ಣೆ ಸುಟ್ಟೆ?" ಎಂದು ಕೇಳಿದರು. ಅದನ್ನೂ ಬರೆದಿಟ್ಟಿದ್ದೇನೆ, ಇನ್ನೂ ಕೂಡಿಸಿಲ್ಲ.