ಮೂರು ತಿಂಗಳ ಇಂಗ್ಲಿಷ್ ಕ್ಲಾಸ್: ಬರೆಯೋಕೆ ಸೇರಿ, ಮಾತಾಡೋಕೆ ಬೇಡ

ರಾಜಾಜಿನಗರದ ಒಂದು ಇಂಗ್ಲಿಷ್ ಕ್ಲಾಸಿಗೆ ಮೂರು ತಿಂಗಳು ಹೋಗಿ ಬಂದೆ. ವಾರಕ್ಕೆ ಮೂರು ಸಂಜೆ, ಒಂದೂವರೆ ಗಂಟೆ. ಫೀಸು 9,000 ರೂಪಾಯಿ.

ನಾನು ಸೇರಿದ್ದು ಒಂದು ಪುಟ್ಟ ಪದದಿಂದಾಗಿ. ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಮರ್ಚಂಡೈಸರ್ ಆಗಿದ್ದೇನೆ. 15ನೇ ತಾರೀಖಿನೊಳಗೆ ಮಾಲು ಕಳಿಸುತ್ತೇವೆ ಎಂದು ಬೈಯರ್‌ಗೆ ಮೇಲ್ ಹಾಕುವಾಗ ‘ಬೈ’ ಬದಲು ‘ಟಿಲ್’ ಎಂದು ಬರೆದಿದ್ದೆ. 15ರ ತನಕ ಸ್ವಲ್ಪ ಸ್ವಲ್ಪವೇ ಕಳಿಸುತ್ತಾರೆ ಎಂದು ಅವರು ತಿಳಿದುಕೊಂಡರು. ಕನ್ನಡದಲ್ಲಿ ‘ಒಳಗೆ’, ‘ತನಕ’ ನನಗೆ ಯಾವತ್ತೂ ಅದಲು ಬದಲಾಗಿಲ್ಲ. ಇಂಗ್ಲಿಷಿನಲ್ಲಿ ಆಯಿತು. ಸರಿಮಾಡೋಕೆ ಎರಡು ದಿನ, ಹನ್ನೊಂದು ಮೇಲ್ ಬೇಕಾಯಿತು.

ಇಂಥದ್ದನ್ನು ಕಲಿಸುವುದರಲ್ಲಿ ಮೇಷ್ಟ್ರು ಗಟ್ಟಿಗರು. ಕಾಮಾ ಪಾಠದ ದಿನ ಅವರು ಹೇಳಿದ ಅಮೆರಿಕದ ಕೇಸ್ ನಾನು ಮರೆಯುವುದಿಲ್ಲ. ಮೇನ್ ರಾಜ್ಯದಲ್ಲಿ ಯಾವ ಯಾವ ಕೆಲಸಕ್ಕೆ ಓವರ್‌ಟೈಮ್ ಇಲ್ಲ ಎಂದು ಕಾನೂನಿನಲ್ಲಿ ಒಂದು ಪಟ್ಟಿ ಇತ್ತು. ಕೊನೆಯಲ್ಲಿ ‘ಸಾಗಣೆಗೆ ಅಥವಾ ಹಂಚಿಕೆಗೆ ಪ್ಯಾಕ್ ಮಾಡುವುದು’ ಎಂದೂ ಓದಬಹುದು, ‘ಸಾಗಣೆಗೆ ಪ್ಯಾಕ್ ಮಾಡುವುದು’, ‘ಹಂಚುವುದು’ ಎಂದು ಎರಡು ಕೆಲಸವಾಗಿಯೂ ಓದಬಹುದು. ನಡುವೆ ಕಾಮಾ ಇರಲಿಲ್ಲ. ಹಾಲಿನ ಕಂಪನಿಯ ಡ್ರೈವರ್‌ಗಳು ಹಂಚುವವರು, ಪ್ಯಾಕ್ ಮಾಡುವವರಲ್ಲ. ಮೊದಲಿನ ಹಾಗೆ ಓದಿದರೆ ಅವರು ಪಟ್ಟಿಯಲ್ಲಿಲ್ಲ, ಓವರ್‌ಟೈಮ್ ಸಿಗಬೇಕು. 2017ರಲ್ಲಿ ಮೇಲ್ಮನವಿ ಕೋರ್ಟ್ ಅವರ ಪರವಾಗಿ ಹೇಳಿತು. ಮರುವರ್ಷ 50 ಲಕ್ಷ ಡಾಲರ್‌ಗೆ ರಾಜಿಯಾಯಿತು. ದುಡಿದವರ ಕೂಲಿ ಒಂದು ಕಾಮಾದ ಮೇಲೆ ನಿಂತಿತ್ತು! ಆವತ್ತಿನಿಂದ ನಾನು ಪ್ರತಿ ಆರ್ಡರ್ ಮೇಲ್ ಎರಡು ಸಲ ಓದುತ್ತೇನೆ.

ಮಾತಿನ ಪಾಠಕ್ಕೂ ಇದೇ ಕಟ್ಟುನಿಟ್ಟು. ಅಲ್ಲೇ ನನಗೆ ಬೇಜಾರಾಗಿದ್ದು. ಒಬ್ಬ ಹುಡುಗ ‘ಪ್ರಿಪೋನ್’ ಎಂದ. ಅಂಥ ಪದವೇ ಇಲ್ಲ ಎಂದು ಎಲ್ಲರೆದುರು ಕೂರಿಸಿದರು. ಆ ಪದ ಆಕ್ಸ್‌ಫರ್ಡ್ ಡಿಕ್ಷನರಿಯಲ್ಲಿದೆ. ಇಲ್ಲದಿದ್ದರೂ ಏನು? ಮೀಟಿಂಗ್ ಮುಂಚೆ ಬಂತು ಎಂದು ನಮಗೆಲ್ಲ ಅರ್ಥವಾಗಿತ್ತು.

ಟಿಫಿನ್ ಸೆಂಟರ್ ನಡೆಸುವ ಒಬ್ಬ ಅಕ್ಕ ಬರುತ್ತಿದ್ದರು. ಮಗಳ ಶಾಲೆಯಲ್ಲಿ ಟೀಚರ್ ಜೊತೆ ಮಾತಾಡಬೇಕು, ಅಷ್ಟೇ ಅವರ ಆಸೆ. ‘ಮೈ ಡಾಟರ್ ಈಸ್ ಹ್ಯಾವಿಂಗ್ ಫೀವರ್’ ಎಂದರು. ‘ಹ್ಯಾಸ್’ ಅನ್ನಬೇಕು ಎಂದು ಮೇಷ್ಟ್ರು ಐದು ಸಲ ತಿದ್ದಿಸಿದರು. ಮಗಳಿಗೆ ಜ್ವರ ಅಂತ ಮೊದಲ ಸಲವೇ ಗೊತ್ತಾಯಿತು, ಅಲ್ವಾ? ಮೂರನೇ ವಾರ ಅವರು ಬರಲಿಲ್ಲ. ಫೋನ್ ಮಾಡಿದರೆ, “ಬಾಯಿ ತೆಗೆಯೋಕೇ ಭಯ ಆಗುತ್ತೆ ಮೇಡಂ” ಎಂದರು.

ಮೇಲ್, ಕರಾರು, ಅರ್ಜಿ ಬರೆಯುವ ಕೆಲಸ ನಿಮ್ಮದಾದರೆ ಇಂಥ ಕ್ಲಾಸಿಗೆ ಸೇರಿ, ದುಡ್ಡು ದಂಡವಾಗುವುದಿಲ್ಲ. ಮಾತು ಕಲಿಯಬೇಕಿದ್ದರೆ ಮೊದಲು ಒಂದು ಡೆಮೊ ಕ್ಲಾಸಿನಲ್ಲಿ ಕೂತು ನೋಡಿ. ಕಲಿಯುವವರು ಎಷ್ಟು ಹೊತ್ತು ಮಾತಾಡುತ್ತಾರೆ, ಮೇಷ್ಟ್ರು ಎಷ್ಟು ಸಲ ತಡೆಯುತ್ತಾರೆ, ಲೆಕ್ಕ ಹಾಕಿ.

ಆ ಅಕ್ಕ ಈಗ ಭಾನುವಾರ ನಮ್ಮ ಮನೆಗೆ ಬರುತ್ತಾರೆ. ಶಾಲೆಯ ಮೀಟಿಂಗಿಗೆ ಪ್ರಾಕ್ಟೀಸ್ ಮಾಡುತ್ತೇವೆ. ಅವರು ಹೇಳಿ ಮುಗಿಸುವ ತನಕ ನಾನು ತಿದ್ದುವುದಿಲ್ಲ.