ನರ್ಸರಿ ಗಿಡವೋ, ಬಾವಿಕಟ್ಟೆ ದಾಸವಾಳವೋ: ಗೋಸುಂಬೆ ಗೂಡಿಗೆ ನಾನು ಕೂರಿಸಿದ ಕುಂಡಗಳು

ಗೋಸುಂಬೆ ಸಾಕಿದ್ದೇನೆ ಅಂದರೆ ಗೋಣಿಕೊಪ್ಪಲಿನಲ್ಲಿ ಮೊದಲು ನಗುತ್ತಾರೆ, ಆಮೇಲೆ ಯಾವ ಪಕ್ಷದ್ದು ಅಂತ ಕೇಳುತ್ತಾರೆ. ನನ್ನದು ಯೆಮನ್, ಸೌದಿ ಕಡೆಯ ವೇಲ್ಡ್ ಕಮೀಲಿಯನ್ ಅನ್ನುವ ಗೋಸುಂಬೆ ಜಾತಿ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಿದ್ದೇನೆ. ನಮ್ಮ ನಾಡಿನ ಗೋಸುಂಬೆಯನ್ನು ಬೇಲಿಯಿಂದ ಹಿಡಿದು ತಂದು ಸಾಕುವಂತಿಲ್ಲ, 1972ರ ವನ್ಯಜೀವಿ ಕಾಯ್ದೆಯಲ್ಲಿ ಅದಕ್ಕೆ ರಕ್ಷಣೆ ಇದೆ.

ಗೂಡು 2 ಅಡಿ ಅಗಲ, 4 ಅಡಿ ಎತ್ತರದ ಜಾಲರಿಯದು. ಒಳಗೆ ಜೀವಂತ ಗಿಡ ಬೇಕೇ ಬೇಕು. ಈ ಪ್ರಾಣಿ ಬಟ್ಟಲಿನ ನೀರನ್ನು ಮೂಸಿಯೂ ನೋಡುವುದಿಲ್ಲ, ಎಲೆ ಮೇಲಿನ ಹನಿ ನೆಕ್ಕುತ್ತದೆ. ಈ ಜಾತಿ ಎಲೆಯನ್ನೂ ಕಚ್ಚಿ ತಿನ್ನುತ್ತದೆ. ಅಂದರೆ ಎಲೆ ಮೇಲಿದ್ದದ್ದು, ಎಲೆ ಒಳಗಿದ್ದದ್ದು ಎರಡೂ ಅದರ ಹೊಟ್ಟೆಗೇ. ಹಾಗಾಗಿ ಎರಡು ದಾರಿ ನೋಡಿದೆ: ನರ್ಸರಿ ಗಿಡ ತಂದು ತೊಳೆದು ಕೂರಿಸುವುದು, ಇಲ್ಲವೇ ಮನೆಯಲ್ಲೇ ಕೊಂಬೆ ನೆಟ್ಟು ಬೆಳೆಸುವುದು.

ಮೊದಲು ನರ್ಸರಿ. ಮನಿ ಪ್ಲಾಂಟ್, ಅಂಬ್ರೆಲಾ ಪ್ಲಾಂಟ್, ಸಣ್ಣೆಲೆಯ ಫೈಕಸ್ ತಂದೆ. "ಅಣ್ಣ, ಔಷಧಿ ಹೊಡೆದಿದ್ದೀರಾ?" ಅಂತ ಕೇಳಿದರೆ, "ಹೊಡೀದೆ ಗಿಡ ನಿಲ್ಲುತ್ತಾ?" ಅಂದರು. ಏನು ಹೊಡೆದದ್ದು ಅಂತ ಅವರಿಗೂ ನೆನಪಿಲ್ಲ. ತೊಂದರೆ ಇರುವುದು ಇಲ್ಲೇ. ಎಲೆ ಮೇಲಿನದ್ದು ತೊಳೆದರೆ ಹೋಗುತ್ತದೆ. ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕವನ್ನು ಗಿಡ ಬೇರಿನಿಂದಲೇ ಹೀರಿಕೊಳ್ಳುತ್ತದೆ. ಅದು ಎಲೆಯೊಳಗೆ ಸೇರಿದ ಮೇಲೆ ಕಾವೇರಿ ನೀರೇ ಸುರಿದರೂ ಹೋಗದು. ಕುಂಡ ಬಗ್ಗಿಸಿ ನೋಡಿದರೆ ಮಣ್ಣಲ್ಲಿ ಥರ್ಮಾಕೋಲ್ ಚೂರಿನಂಥ ಬಿಳಿ ಪರ್ಲೈಟ್, ಜೊತೆಗೆ ನಿಧಾನಕ್ಕೆ ಕರಗುವ ಗೊಬ್ಬರದ ಹಳದಿ ಗುಳಿಗೆ. ನುಂಗಿದರೆ ಕರುಳು ಕಟ್ಟಿಕೊಳ್ಳುವ ಭಯ.

ಹಾಗಾಗಿ ಮಣ್ಣನ್ನೆಲ್ಲ ಉದುರಿಸಿ, ಬೇರನ್ನು ಬಕೆಟ್ ನೀರಲ್ಲಿ ಅಲ್ಲಾಡಿಸಿ ತೊಳೆದು, ಅಂಗಳದ ಮಣ್ಣಿಗೆ ಮರಳು ಬೆರೆಸಿ ನೆಟ್ಟೆ. ಎರಡು ತಿಂಗಳು ಜಗಲಿಯಲ್ಲಿ ಇಟ್ಟೆ. ಹೊಸ ಎಲೆ ಬಂದ ಹಾಗೆ ಹಳೆಯದನ್ನು ಚಿವುಟಿದೆ. ಮನಿ ಪ್ಲಾಂಟ್‌ಗೆ ಏನಾಯಿತು ಅಂತಲೇ ಗೊತ್ತಾಗಲಿಲ್ಲ, ಸುಮ್ನೆ ಬೆಳೆಯಿತು. ಅಂಬ್ರೆಲಾ ಮೂರು ವಾರ ಮುನಿಸಿಕೊಂಡು ಮತ್ತೆ ಚಿಗುರಿತು. ಫೈಕಸ್ ಮಾತ್ರ ಹತ್ತೇ ದಿನಕ್ಕೆ ಬೋಳಾಯಿತು. ಜಾಗ ಬದಲಿಸಿದರೇ ಎಲೆ ಉದುರಿಸುವ ಗಿಡ ಅದು. ಕತ್ತರಿಸಿದ ಕಡೆ ಸುರಿಯುವ ಬಿಳಿ ಹಾಲು ಬೇರೆ ಕಣ್ಣಿಗೆ ಒಳ್ಳೆಯದಲ್ಲ. ಅಮ್ಮ ಅದನ್ನು ತೋಟದ ಅಂಚಿಗೆ ಎಸೆದರು, ಈಗ ಅಲ್ಲಿ ಮರವಾಗುವ ಲಕ್ಷಣ ಇದೆ!

ಎರಡನೆಯದು ದಾಸವಾಳದ ಕೊಂಬೆ. ಮೊದಲ ಸಲ ಮೆಣಸಿನ ಬಳ್ಳಿ ಪಕ್ಕದ ಬೇಲಿಯಿಂದ ಮುರಿದು ತಂದೆ, ದಡ್ಡತನ. ಮಳೆಗೆ ಮುಂಚೆ ಬಳ್ಳಿಗೆ ಶಿಲೀಂಧ್ರ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆದಿದ್ದೆವು: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಗಾಳಿಗೆ ಹಾರಿ ಬಂದ ನೀಲಿ ಚುಕ್ಕೆ ದಾಸವಾಳದ ಎಲೆ ತುಂಬಾ ಇತ್ತು. ಆ ಕೊಂಬೆಗಳನ್ನು ಎಸೆದು, ಬಾವಿಕಟ್ಟೆ ಹತ್ತಿರದ ಗಿಡದಿಂದ ಪೆನ್ಸಿಲ್ ದಪ್ಪದ ಏಳು ತುಂಡು ತಂದೆ. ಜೂನ್ ಮಳೆಗೆ ಐದು ಬೇರು ಬಿಟ್ಟವು. ಗೂಡಿಗೆ ಹೋಗುವಷ್ಟು ಪೊದೆಯಾಗಲು ಎಂಟು ತಿಂಗಳು ಹಿಡಿಯಿತು. ನಿಧಾನ ಹೌದು. ಆದರೆ ಗಿಡದ ಜಾತಕ ಪೂರ್ತಿ ನನಗೆ ಗೊತ್ತು, ಅದೇ ದೊಡ್ಡದು. ಹೂವನ್ನು ಗೋಸುಂಬೆ ಎರಡೇ ಬಾಯಿಗೆ ಮುಗಿಸುತ್ತದೆ, ನೋಡೋಕೇ ಚಂದ.

ನರ್ಸರಿಯದಾಗಲಿ, ಮನೆಯದಾಗಲಿ, ಒಳಗಿಡುವ ಮುಂಚೆ ಒಂದು ಕೆಲಸ ಬಿಡುವಂತಿಲ್ಲ. ಕುಂಡವನ್ನು ಅಂಚಿನವರೆಗೆ ಬಕೆಟ್ ನೀರಲ್ಲಿ ಅರ್ಧ ಗಂಟೆ ಮುಳುಗಿಸಿ. ಮಳೆಗಾಲದಲ್ಲಿ ನನ್ನ ಒಂದು ಕುಂಡದಿಂದ ಎರಡು ಜಿಗಣೆ, ಇನ್ನೊಂದರಿಂದ ಮೊಟ್ಟೆ ಕಚ್ಚಿಕೊಂಡ ಇರುವೆ ದಂಡೇ ಎದ್ದು ಬಂತು. ರಾತ್ರಿ ಮಲಗಿದ ಗೋಸುಂಬೆಗೆ ಇರುವೆ ಮುತ್ತಿದರೆ ಕಥೆ ಮುಗಿಯಿತು, ಅಲ್ವಾ?

ಮಣ್ಣಿನ ಮೇಲೆ ಮುಚ್ಚಲು ಸೊಳ್ಳೆ ಪರದೆ ಕಟ್ಟಿದೆ, ಗೋಸುಂಬೆಯ ಉಗುರು ಸಿಕ್ಕಿಕೊಂಡಿತು. ಈಗ ಅದರ ತಲೆಗಿಂತ ದೊಡ್ಡ ನುಣ್ಣನೆ ಕಲ್ಲು ಜೋಡಿಸಿದ್ದೇನೆ.

ಕಾಯಲು ಆಗದವರಿಗೆ ಅಂಬ್ರೆಲಾ ಸಾಕು, ಕೊಂಬೆ ಗಟ್ಟಿ, ಹತ್ತಿ ಕೂರಲು ಹೇಳಿ ಮಾಡಿಸಿದ ಹಾಗಿದೆ. ಕೆಳಗಿನ ನೆರಳಿಗೆ ಮನಿ ಪ್ಲಾಂಟ್. ನನ್ನ ಮತ ದಾಸವಾಳಕ್ಕೇ, ಆದರೆ ಆಗಸ್ಟ್ ಬಂದರೆ ಅದು ಸತಾಯಿಸುತ್ತದೆ. ಬಿಸಿಲಿಲ್ಲ, ಕರೆಂಟಿಲ್ಲ, ಲೈಟೂ ಇಲ್ಲ. ಮೊಗ್ಗು ಉದುರಿ ಎಲೆ ಅಡಿಗೆ ಬಿಳಿ ಹಿಟ್ಟು ತಿಗಣೆ ಕೂರುತ್ತದೆ. ಔಷಧಿ ಹೊಡೆಯುವಂತಿಲ್ಲವಲ್ಲ, ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆ ಒರೆಸುತ್ತೇನೆ. ಅದಕ್ಕೇ ಎರಡು ಕುಂಡ ಇಟ್ಟುಕೊಂಡಿದ್ದೇನೆ. ಒಂದು ಗೂಡಲ್ಲಿ, ಒಂದು ಜಗಲಿಯಲ್ಲಿ, ಹದಿನೈದು ದಿನಕ್ಕೊಮ್ಮೆ ಅದಲು ಬದಲು.