ಹೈಸ್ಕೂಲ್ ಡೈರಿಯ ನಿಯಮಗಳ ಭಾಗ: ಪೂರ್ತಿ ಓದಿದ ಮೇಲೆ ಐದಕ್ಕೆ ಮೂರು

ಶಾಲೆ ಶುರುವಾದ ವಾರ ಮಕ್ಕಳ ಕೈಗೆ ಒಂದು ಡೈರಿ ಕೊಡ್ತಾರಲ್ಲ, ಅದರ ಮುಂಭಾಗದಲ್ಲಿ ನಿಯಮಗಳು ಅಂತ ಒಂದಷ್ಟು ಪುಟ ಇರುತ್ತದೆ. ನಮ್ಮದರಲ್ಲಿ ಮೂವತ್ತು. ಹೆಚ್ಚಿನವರು ಅದನ್ನು ಓದುವುದಿಲ್ಲ, ಕೊನೆಯ ಚೀಟಿಗೆ ಸಹಿ ಹಾಕಿ ಹರಿದು ಕಳಿಸುತ್ತಾರೆ. ಈ ವರ್ಷ ಮಗಳು ಒಂಬತ್ತನೇ ತರಗತಿಗೆ ಬಂದಿದ್ದಾಳೆ, ಅದಕ್ಕೇ ಕೂತು ಪೂರ್ತಿ ಓದಿದೆ. ಒಂದು ಇಯರ್‌ಫೋನ್ ತಗೊಳ್ಳೋಕೆ ಹತ್ತು ರಿವ್ಯೂ ಓದುವ ನಾವು ಮಕ್ಕಳ ಇಡೀ ವರ್ಷ ಯಾವ ಪುಸ್ತಕದ ಪ್ರಕಾರ ನಡೆಯುತ್ತೋ ಅದರ ಬಗ್ಗೆ ಯಾಕೆ ಒಂದು ಸಾಲೂ ಬರೆಯೋದಿಲ್ಲ ಅನ್ನಿಸಿತು. ಶಾಲೆಯ ಹೆಸರು ಹೇಳೋದಿಲ್ಲ. ಪರಿಚಯದವರ ಮಕ್ಕಳ ಡೈರಿಗಳನ್ನೂ ತಿರುವಿ ನೋಡಿದ್ದೇನೆ, ಹೆಚ್ಚುಕಮ್ಮಿ ಎಲ್ಲದರ ಕಥೆಯೂ ಇದೇ.

ಮೊದಲು ಚೆನ್ನಾಗಿರೋದನ್ನ ಹೇಳ್ತೀನಿ. ಹಾಜರಾತಿಯ ಪುಟ ನಿಜಕ್ಕೂ ನೀಟಾಗಿದೆ. ಬೆಲ್ ಎಷ್ಟು ಹೊತ್ತಿಗೆ, ಗೇಟ್ ಯಾವಾಗ ಮುಚ್ಚುತ್ತದೆ, ತಡವಾದರೆ ಮೊದಲು ಎಲ್ಲಿಗೆ ಹೋಗಬೇಕು, ಮೂರನೇ ಸಲ ತಡವಾದರೆ ಮನೆಗೆ ಫೋನ್ ಬರುತ್ತದೆ, ಹುಷಾರಿಲ್ಲದೆ ರಜೆ ಹಾಕಿದರೆ ತಪ್ಪಿದ ಟೆಸ್ಟನ್ನು ಯಾವಾಗ ಬರೆಯಬಹುದು, ಎಲ್ಲ ಇದೆ. ತಪ್ಪಾದರೆ ಮುಂದೇನು ಅಂತ ಓದಿದ ಮಗುವಿಗೆ ಮೊದಲೇ ಗೊತ್ತಿರುತ್ತದೆ. ನಿಯಮದಿಂದ ನನಗೆ ಬೇಕಾಗಿರೋದು ಇಷ್ಟೇ. ಉಳಿದ ಪುಟಗಳನ್ನೂ ಇದೇ ಅಳತೆಯಲ್ಲಿ ನೋಡಿದ್ದೇನೆ.

ಆದರೆ ಬೆಲ್ ಹೊಡೆಯುವ ಹೊತ್ತಿನ ಬಗ್ಗೆ ನನ್ನ ತಕರಾರಿದೆ. ಹದಿಹರೆಯದಲ್ಲಿ ನಿದ್ದೆ ಬರುವ ಸಮಯವೇ ತಡವಾಗುತ್ತದೆ. ಮೈಯಲ್ಲಿ ನಿದ್ದೆಯ ಹೊತ್ತಾಯಿತು ಅಂತ ಸೂಚಿಸುವ ಮೆಲಟೋನಿನ್ ಅನ್ನೋ ಹಾರ್ಮೋನ್ ಏರೋದೇ ರಾತ್ರಿ ತಡವಾಗಿ, ಹಾಗಾಗಿ ಒಂಬತ್ತಕ್ಕೇ ಮಲಗು ಅಂದರೆ ಅವರು ಸುಮ್ನೆ ಫ್ಯಾನ್ ನೋಡ್ತಾ ಮಲಗಿರ್ತಾರೆ ಅಷ್ಟೇ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ನಿದ್ದೆಯ ತಜ್ಞರು ಹೇಳುತ್ತಾರೆ. ಹೈಸ್ಕೂಲುಗಳು ಬೆಳಿಗ್ಗೆ 8.30ಕ್ಕಿಂತ ಮೊದಲು ಶುರುವಾಗಬಾರದು ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘಟನೆ 2014ರಲ್ಲೇ ಸಲಹೆ ಕೊಟ್ಟಿತ್ತು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಹೆಚ್ಚಿನ ಸರ್ಕಾರಿ ಹೈಸ್ಕೂಲುಗಳಿಗೆ ಅದು ಕಾನೂನೇ ಆಗಿದೆ. ನಮ್ಮ ಡೈರಿಯಲ್ಲಿ ವಿಶೇಷ ತರಗತಿ 7.15ಕ್ಕೆ! ಅದರ ಕೆಳಗೇ, 'ವಿದ್ಯಾರ್ಥಿಗಳು ತರಗತಿಯಲ್ಲಿ ಚುರುಕಾಗಿರಬೇಕು' ಅಂತ ಬೇರೆ ಇದೆ. ಹೇಗಪ್ಪಾ?

ಹೋಮ್‌ವರ್ಕ್ ಮತ್ತು ನಕಲು ಮಾಡುವುದರ ಬಗ್ಗೆ ಇರುವ ಎರಡು ಪುಟಗಳು ಈ ಪುಸ್ತಕದ ಅತ್ಯುತ್ತಮ ಭಾಗ. ಯಾರೋ ಪಾಠ ಮಾಡಿ ಅನುಭವ ಇರುವವರೇ ಬರೆದಿದ್ದಾರೆ, ಓದಿದ ತಕ್ಷಣ ಗೊತ್ತಾಗುತ್ತದೆ. 'ನಕಲು ಮಾಡಬಾರದು' ಅಂತ ಒಂದೇ ಮಾತು ಹೇಳಿ ಕೈ ತೊಳೆದುಕೊಂಡಿಲ್ಲ. ಗೆಳತಿಯ ಹತ್ತಿರ ಲೆಕ್ಕ ಹೇಳಿಸಿಕೊಂಡು ತಾನೇ ಬಿಡಿಸಿದರೆ ತಪ್ಪಿಲ್ಲ, ಅವಳ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಇಳಿಸಿದರೆ ನಕಲು, ಎಐ ಹತ್ತಿರ ಒಂದು ವಿಷಯ ಅರ್ಥ ಮಾಡಿಸಿಕೊಳ್ಳಬಹುದು ಆದರೆ ಪ್ರಬಂಧ ಬರೆಸುವ ಹಾಗಿಲ್ಲ, ಬಳಸಿದ್ದರೆ ಕೊನೆಯಲ್ಲಿ ಯಾವುದಕ್ಕೆ ಬಳಸಿದೆ ಅಂತ ಒಂದು ಸಾಲು ಬರೆಯಬೇಕು. ಹೀಗೆ ಉದಾಹರಣೆ ಸಮೇತ ಇದೆ. ಗ್ರೂಪ್ ಪ್ರಾಜೆಕ್ಟ್ ಆದರೆ ಯಾರು ಯಾವ ಕೆಲಸ ಮಾಡಿದರು ಅಂತ ಪ್ರತಿಯೊಬ್ಬರೂ ಬರೆದು ಸಹಿ ಹಾಕಬೇಕು. ಒಬ್ಬಳು ರಾತ್ರಿಯೆಲ್ಲ ಕೂತು ಚಾರ್ಟ್ ಮಾಡೋದು, ಉಳಿದವರು ಬೆಳಿಗ್ಗೆ ಬಂದು ಹೆಸರು ಸೇರಿಸೋದು, ಈ ರಗಳೆಯನ್ನು ಒಂದೇ ನಿಯಮ ಎಷ್ಟು ಚೆನ್ನಾಗಿ ತಡೆಯುತ್ತದೆ ನೋಡಿ. ಮಗಳಿಗೂ ಈ ಭಾಗ ಇಷ್ಟವಾಯಿತು. ನಿಯಮದ ಪುಸ್ತಕದಲ್ಲಿ ಅವಳಿಗೆ ಇಷ್ಟವಾದ ಭಾಗ ಅಂತ ಒಂದಿದೆ ಅನ್ನೋದೇ ದೊಡ್ಡದು.

ಆದರೆ ಎಷ್ಟು ಹೋಮ್‌ವರ್ಕ್ ಕೊಡಬೇಕು ಅಂತ ಎಲ್ಲೂ ಇಲ್ಲ. ಒಂದು ಹಳೆಯ ಲೆಕ್ಕ ಇದೆ: ತರಗತಿಯ ಸಂಖ್ಯೆಯನ್ನು 10ರಿಂದ ಗುಣಿಸಿ, ದಿನಕ್ಕೆ ಅಷ್ಟು ನಿಮಿಷ ಸಾಕು. ಒಂಬತ್ತನೇ ತರಗತಿಗೆ 90 ನಿಮಿಷ. ಇದೇನು ಶಿಲಾಶಾಸನ ಅಲ್ಲ, ಒಂದು ಅಂದಾಜು. ಆದರೆ ಇಲ್ಲಿ ಪ್ರತಿ ಟೀಚರೂ ತಮ್ಮ ವಿಷಯಕ್ಕೆ 'ಅರ್ಧ ಗಂಟೆ ಅಷ್ಟೇ' ಅಂತ ಕೊಡ್ತಾರೆ, ಆರು ವಿಷಯದ ಅರ್ಧ ಗಂಟೆಗಳನ್ನು ಯಾರೂ ಕೂಡಿಸೋದಿಲ್ಲ. ಕೂಡಿಸಿದರೆ ಮೂರು ಗಂಟೆ. ಗಣಿತದವರಾದರೂ ಕೂಡಿಸಬಹುದಿತ್ತು.

ಸಮವಸ್ತ್ರ, ಕೂದಲು, ಶೂ, ಸಾಕ್ಸ್: ನಾಲ್ಕು ಪುಟ. ಕ್ಲಿಪ್‌ನ ಬಣ್ಣಕ್ಕೇ ಅರ್ಧ ಪುಟ. ಜಾಸ್ತಿ ಹೇಳೋಕೇನಿಲ್ಲ.

ಫೋನಿನ ಪುಟಕ್ಕೆ ಬರೋಣ. ಶಾಲೆಯಲ್ಲಿ ಫೋನ್ ಬೇಡ ಅನ್ನೋದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ, ಮೊದಲೇ ಹೇಳಿಬಿಡ್ತೀನಿ. ಫ್ರಾನ್ಸ್ 2018ರಲ್ಲೇ ಹದಿನೈದು ವರ್ಷದವರೆಗಿನ ಮಕ್ಕಳ ಶಾಲೆಗಳಲ್ಲಿ ಫೋನ್ ಬಳಕೆಗೆ ಕಾನೂನು ತಂದು ತಡೆ ಹಾಕಿತು. ಯುನೆಸ್ಕೋ ಕೂಡ 2023ರ ವರದಿಯಲ್ಲಿ, ಕಲಿಕೆಗೆ ನೆರವಾಗುವಾಗ ಮಾತ್ರ ಫೋನ್ ಇರಲಿ ಅಂದಿದೆ. ಪಾಠದ ನಡುವೆ ಒಂದು ನೋಟಿಫಿಕೇಶನ್ ಸದ್ದು ಸಾಕು, ಗಮನ ಹೋಯಿತು, ಮತ್ತೆ ಅಲ್ಲಿಗೇ ಬರೋಕೆ ಸುಮಾರು ಹೊತ್ತು ಬೇಕು. ಇದನ್ನೇ ಎರಡು ಸಾಲಲ್ಲಿ ಬರೆದಿದ್ದರೆ ಮಕ್ಕಳು ಒಪ್ಪುತ್ತಿದ್ದರೋ ಇಲ್ಲವೋ, ಕಾರಣವಾದರೂ ಗೊತ್ತಾಗುತ್ತಿತ್ತು. ಡೈರಿಯಲ್ಲಿ ಇರೋದು ಇಷ್ಟೇ: 'ಫೋನ್ ಕಂಡುಬಂದಲ್ಲಿ ವಶಪಡಿಸಿಕೊಳ್ಳಲಾಗುವುದು.' ಯಾರು ವಶಪಡಿಸಿಕೊಳ್ಳುತ್ತಾರೆ? ಎಲ್ಲಿ ಇಡುತ್ತಾರೆ? ಯಾವಾಗ ವಾಪಸ್ ಕೊಡುತ್ತಾರೆ? ಒಳಗಿನ ಮೆಸೇಜುಗಳನ್ನು ತೆರೆದು ನೋಡುತ್ತಾರಾ? ಸಂಜೆ ಟ್ಯೂಷನ್‌ನಿಂದ ಒಬ್ಬಳೇ ಬರುವ ಹುಡುಗಿ ಫೋನ್ ಬ್ಯಾಗಿನಲ್ಲಿ ಆಫ್ ಮಾಡಿ ಇಟ್ಟುಕೊಂಡರೆ ಅದೂ ತಪ್ಪಾ? ಒಂದಕ್ಕೂ ಉತ್ತರ ಇಲ್ಲ. ಮಗಳ ಗೆಳತಿಯ ಫೋನ್ ಬ್ಯಾಗಿನಲ್ಲಿ ರಿಂಗ್ ಆಗಿ ಶಾಲೆಯವರ ವಶಕ್ಕೆ ಹೋಯಿತು, ವಾಪಸ್ ಪಡೆಯೋಕೆ ಅವರಮ್ಮ ಕೆಲಸ ಬಿಟ್ಟು ಓಡಾಡಿದರು, ಒಬ್ಬೊಬ್ಬರು ಒಂದೊಂದು ನಿಯಮ ಹೇಳಿದರಂತೆ. ಪುಸ್ತಕದಲ್ಲಿ ಬರೆಯದೇ ಇದ್ದರೆ ಹಾಗೇ ಆಗೋದು.

ನನಗೆ ನಿಜವಾಗಿ ಬೇಜಾರಾಗಿದ್ದು ಇಪ್ಪತ್ತೆರಡನೇ ಪುಟದಲ್ಲಿ. ಬೇರೆ ಮಕ್ಕಳನ್ನು ಪೀಡಿಸುವುದು, ರೇಗಿಸುವುದು, ಆನ್‌ಲೈನಿನಲ್ಲಿ ಅವಮಾನ ಮಾಡುವುದು, ಎಲ್ಲ ಸೇರಿ ಮೂರು ಸಾಲು. 'ಇಂಥ ವರ್ತನೆಯನ್ನು ಸಹಿಸಲಾಗುವುದಿಲ್ಲ.' ಮುಗೀತು. ಕ್ಲಿಪ್ಪಿಗೆ ಅರ್ಧ ಪುಟ, ಇದಕ್ಕೆ ಮೂರು ಸಾಲು! ಹದಿನಾಲ್ಕು ವರ್ಷದ ಮಗು ದಿನಾ ಬಸ್ಸಿನಲ್ಲಿ ಯಾರದೋ ಕಾಟ ತಡೆದುಕೊಳ್ಳುತ್ತಿದೆ ಅಂತ ಇಟ್ಟುಕೊಳ್ಳಿ. ಈ ಪುಟ ತೆರೆದರೆ ಅದಕ್ಕೆ ಏನು ಸಿಗುತ್ತದೆ? ಯಾರ ಹತ್ತಿರ ಹೇಳಬೇಕು ಅಂತ ಇಲ್ಲ. ಹೇಳಿದರೆ ತನ್ನ ಹೆಸರು ಹೊರಗೆ ಬರುತ್ತದಾ ಅಂತ ಇಲ್ಲ. ಬರೆದು ಕೊಡಬಹುದಾ, ಎಷ್ಟು ದಿನದೊಳಗೆ ವಿಚಾರಿಸುತ್ತಾರೆ, ಕ್ಲಾಸ್ ಟೀಚರ್ ಮೇಲೇ ದೂರಿದ್ದರೆ ಏನು ಮಾಡಬೇಕು, ಯಾವುದೂ ಇಲ್ಲ.

ಇದರ ಇನ್ನೊಂದು ಮುಖ ಶಿಕ್ಷೆಯ ಪುಟ. 'ಗಂಭೀರ ತಪ್ಪಿಗೆ ಅಮಾನತು' ಅಂತ ಇದೆ, ಯಾವುದು ಗಂಭೀರ ಅಂತ ಇಲ್ಲ. ಮಗುವಿನ ಮಾತು ಕೇಳುತ್ತೇವೆ ಅಂತಲೂ ಇಲ್ಲ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 28ನೇ ವಿಧಿ ಶಾಲೆಯ ಶಿಸ್ತು ಮಗುವಿನ ಘನತೆಗೆ ತಕ್ಕ ಹಾಗೆ ಇರಬೇಕು ಅನ್ನುತ್ತದೆ, 12ನೇ ವಿಧಿ ಮಗುವಿಗೆ ಸಂಬಂಧಪಟ್ಟ ವಿಷಯದಲ್ಲಿ ಅದರ ಮಾತು ಕೇಳಬೇಕು ಅನ್ನುತ್ತದೆ. ಅಮೆರಿಕದ ಸುಪ್ರೀಂ ಕೋರ್ಟ್ 1975ರಲ್ಲಿ ಗಾಸ್ ಮತ್ತು ಲೋಪೆಜ್ ಮೊಕದ್ದಮೆಯಲ್ಲಿ ಇನ್ನೂ ನೇರವಾಗಿ ಹೇಳಿತು: ಸರ್ಕಾರಿ ಶಾಲೆ ಹತ್ತು ದಿನದೊಳಗಿನ ಅಮಾನತು ಮಾಡುವುದಾದರೂ ಆರೋಪ ಏನು ಅಂತ ವಿದ್ಯಾರ್ಥಿಗೆ ತಿಳಿಸಬೇಕು, ಅವನ ಕಡೆಯ ಮಾತು ಕೇಳಬೇಕು. ಇದಕ್ಕೆ ದೊಡ್ಡ ವಿಚಾರಣೆ, ವಕೀಲರು ಏನೂ ಬೇಡ. 'ನೀನು ಹೀಗೆ ಮಾಡಿದೆ ಅಂತ ಹೇಳ್ತಿದ್ದಾರೆ, ನೀನೇನು ಹೇಳ್ತೀಯ?' ಅಂತ ಕೇಳಿದರೆ ಆಯಿತು. ಡೈರಿಯಲ್ಲಿ ಬರೆಯೋಕೆ ಎರಡೇ ಸಾಲು ಸಾಕು.

ಕಟ್ಟುನಿಟ್ಟಾಗಿಲ್ಲದಿದ್ದರೆ ಮಕ್ಕಳು ಕೈಗೆ ಸಿಗೋದಿಲ್ಲ ಅಂತ ಕೆಲವರು ಹೇಳ್ತಾರೆ. ಕಟ್ಟುನಿಟ್ಟು ಬೇಕು, ಸರಿ. ಆದರೆ ಚಿಕ್ಕದು ದೊಡ್ಡದು ನೋಡದೆ ಎಲ್ಲಕ್ಕೂ ಒಂದೇ ಕಠಿಣ ಶಿಕ್ಷೆ ಅನ್ನುವ ಪದ್ಧತಿಯನ್ನು ಅಮೆರಿಕದ ಮನೋವಿಜ್ಞಾನಿಗಳ ಸಂಘದ ಸಮಿತಿಯೊಂದು ಪರಿಶೀಲಿಸಿ 2008ರಲ್ಲಿ ವರದಿ ಪ್ರಕಟಿಸಿತು. ಅದರಿಂದ ಶಾಲೆಗಳು ಹೆಚ್ಚು ಸುರಕ್ಷಿತವಾಗಿವೆ ಅನ್ನೋದಕ್ಕೆ ಅವರಿಗೆ ಆಧಾರ ಸಿಗಲಿಲ್ಲ. ಈ ವಿಷಯದಲ್ಲಿ ನಮ್ಮ ಶಾಲೆಗೂ ಒಂದು ಶಹಬ್ಬಾಸ್ ಹೇಳಬೇಕು. ದೊಡ್ಡ ಮಗನ ಕಾಲದ ಡೈರಿಯಲ್ಲಿ ಹೋಮ್‌ವರ್ಕ್ ತರದಿದ್ದರೆ ಕ್ಲಾಸಿನ ಹೊರಗೆ ನಿಲ್ಲಿಸುವುದಿತ್ತು. ಈ ಸಲ ಅದನ್ನು ತೆಗೆದು, ಊಟದ ಬಿಡುವಿನಲ್ಲಿ ಲೈಬ್ರರಿಯಲ್ಲಿ ಕೂತು ಮುಗಿಸಬೇಕು ಅಂತ ಹಾಕಿದ್ದಾರೆ.

ಕೊನೆಯಲ್ಲಿ 'ವಿದ್ಯಾರ್ಥಿಗಳಿಂದ ನಮ್ಮ ನಿರೀಕ್ಷೆಗಳು' ಅಂತ ಒಂದು ಅಧ್ಯಾಯ. ವಿನಯ, ಪ್ರಾಮಾಣಿಕತೆ, ದೇಶಪ್ರೇಮ, ನಾಯಕತ್ವ. ಬೇಡ ಅನ್ನೋಕಾಗುತ್ತಾ? ಆದರೆ ನಾಳೆ ಬೆಳಿಗ್ಗೆ ಶಾಲೆಗೆ ಹೋಗಿ ಏನು ಮಾಡಬೇಕು ಅಂತ ಇದರಿಂದ ಯಾವ ಮಗುವಿಗೂ ಗೊತ್ತಾಗೋದಿಲ್ಲ. ಅರ್ಥವಾಗದಿದ್ದರೆ ಕೈ ಎತ್ತಿ ಕೇಳು, ಹೊಸದಾಗಿ ಸೇರಿದವರನ್ನು ಊಟಕ್ಕೆ ಜೊತೆಗೆ ಕೂರಿಸಿಕೋ, ಲ್ಯಾಬಿನಲ್ಲಿ ಗಾಜು ಒಡೆದರೆ ಮುಚ್ಚಿಡದೆ ಹೇಳು, ಬೈಯೋದಿಲ್ಲ. ಇಂಥವು ನಾಲ್ಕು ಇದ್ದಿದ್ದರೆ ಚೆನ್ನಾಗಿತ್ತು. ಇನ್ನು ಶಾಲೆಯಿಂದ, ಟೀಚರುಗಳಿಂದ ಮಕ್ಕಳು ಏನು ನಿರೀಕ್ಷಿಸಬಹುದು ಅಂತ ಅಧ್ಯಾಯ ಇದೆಯಾ ಅಂತ ಹುಡುಕಿದೆ. ಇಲ್ಲ. ಟೆಸ್ಟ್ ಪೇಪರ್ ಎಷ್ಟು ದಿನದಲ್ಲಿ ತಿದ್ದಿ ಕೊಡುತ್ತಾರೆ ಅಂತಲಾದರೂ ಇರಬೇಡ್ವಾ?

ಸಹಿಯ ಚೀಟಿ ಇನ್ನೂ ತಮಾಷೆ. 'ಎಲ್ಲ ನಿಯಮಗಳನ್ನು ಓದಿ ಒಪ್ಪಿದ್ದೇನೆ' ಅಂತ ತಂದೆಗೊಂದು ಗೆರೆ, ತಾಯಿಗೊಂದು ಗೆರೆ. ವಿದ್ಯಾರ್ಥಿಯ ಸಹಿಗೆ ಜಾಗವೇ ಇಲ್ಲ. ನಿಯಮ ಪಾಲಿಸಬೇಕಾದವರು ಅವರೇ ಅಲ್ವಾ?

ಸರ್ವಿಸ್ ಹೇಗೆ ಅಂತ ಕೇಳಿದರೆ ಪರವಾಗಿಲ್ಲ. ಫೋನಿನ ಪ್ರಶ್ನೆಗಳನ್ನು ಡೈರಿಯಲ್ಲೇ ಬರೆದು ಕಳಿಸಿದ್ದೆ. ಕ್ಲಾಸ್ ಟೀಚರ್ ಪಾಪ ವಿಚಾರಿಸಿ ಉತ್ತರ ಬರೆದರು: ಮೊದಲ ಸಲವಾದರೆ ಅದೇ ದಿನ ಸಂಜೆ ಆಫೀಸಿನಲ್ಲಿ ಕೊಡುತ್ತಾರೆ, ಒಳಗೆ ಏನನ್ನೂ ನೋಡೋದಿಲ್ಲ, ಆಫ್ ಮಾಡಿ ಬ್ಯಾಗಿನಲ್ಲಿಟ್ಟರೆ ತೊಂದರೆ ಇಲ್ಲ, ಆದರೆ ಮನೆಯಿಂದ ಚೀಟಿ ಬೇಕು. ಪೀಡಿಸುವುದರ ಬಗ್ಗೆ ಕೇಳಿದ್ದಕ್ಕೆ 'ಮೀಟಿಂಗಿನಲ್ಲಿ ಮಾತಾಡೋಣ' ಅಂತ ಬಂತು. ಮೀಟಿಂಗ್ ಇನ್ನೂ ಆಗಿಲ್ಲ.

ನಿಮ್ಮ ಮನೆಗೂ ಇಂಥದ್ದೊಂದು ಬಂದಿದ್ದರೆ ಹಾಜರಾತಿ ಮತ್ತು ಹೋಮ್‌ವರ್ಕ್ ಪುಟಗಳನ್ನು ಮಕ್ಕಳ ಜೊತೆ ಕೂತು ಓದಿ. ಫೋನ್, ದೂರು, ಅಮಾನತು ಈ ಮೂರರ ಬಗ್ಗೆ ಪುಸ್ತಕದಲ್ಲಿ ಏನಿಲ್ಲವೋ ಅದನ್ನು ಬರೆದು ಕೇಳಿ, ಉತ್ತರವನ್ನೂ ಬರೆಸಿಕೊಳ್ಳಿ. ಸಮವಸ್ತ್ರದ ಪುಟಗಳನ್ನು ಬಿಡಬಹುದು, ಮಕ್ಕಳಿಗೆ ಬಾಯಿಪಾಠ ಇರುತ್ತದೆ. ಬೈಂಡಿಂಗ್‌ಗೆ ಅಂಕ ಕೊಟ್ಟಿಲ್ಲ, ಹಾಳೆಗಳು ಈಗಲೇ ಬಿಚ್ಚಿಕೊಂಡು ಬರ್ತಿವೆ.